ಸಣ್ಣ ಯಂತ್ರೋದ್ಯಮಿಯೂ ಸಮುದ್ರದಾಚೆಯ ಗಿರಾಕಿಯೂ

ಬೆಂಗಳೂರಿನ ಪೀಣ್ಯದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಕಾರಖಾನೆಗಳನ್ನು ನಡೆಯಿಸುವ ಯಂತ್ರಶಿಲ್ಪಿಗಳನ್ನು ಈಚೆಗೆ ಒಂದು ಪ್ರಶ್ನೆಯು ಬಹಳವಾಗಿ ಕಾಡುತ್ತಿರುವುದು. ಇಷ್ಟು ವರ್ಷ ನಮ್ಮ ಊರಿನ ಸುತ್ತಿನ ಗಿರಾಕಿಗಳಿಗೆ ಯಂತ್ರಗಳನ್ನು ಮಾಡಿಕೊಟ್ಟೆವು. ಇನ್ನು ಪರದೇಶಕ್ಕೆ ಕಾಲಿಡಬೇಕೇ, ಬೇಡವೇ? ಈ ಪ್ರಶ್ನೆಗೆ ಉತ್ಸಾಹದಿಂದ "ಹೌದು" ಎನ್ನುವವರು ಬಹು ಮಂದಿ ಇದ್ದಾರೆ. ಸಭೆಗಳಲ್ಲಿ ಭಾಷಣ ಮಾಡುವವರೂ, ರಫ್ತಿನ ಅಂಕಿಗಳನ್ನು ಏರಿಸಬೇಕೆಂಬ ಅಧಿಕಾರಿಗಳೂ ಅವರಲ್ಲಿ ಸೇರಿರುವರು. ಆದರೆ ಸೋತರೆ ಮನೆ ಮಾರಬೇಕಾಗಿ ಬರುವುದು ಅವರದಲ್ಲ. ಬ್ಯಾಂಕಿಗೆ ತನ್ನ ಮನೆಯ ಪತ್ರಗಳನ್ನು ಒತ್ತೆಯಿಟ್ಟ ಕಾರಖಾನೆಯ ಯಜಮಾನನದು. ಆದುದರಿಂದ ಈ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಸ್ವಯಂಚಾಲನೆಯ ಉದ್ಯಮವೆಂದರೇನೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಯಂತ್ರಗಳಿಗೆ ಅಪ್ಪಣೆ ಕೊಡುವ ಯಂತ್ರಗಳನ್ನು ಜೋಡಿಸುವ ಉದ್ಯೋಗವೇ ಇದು. ಅಮೇರಿಕದ ಜನರಲ್ ಮೋಟರ್ಸ್ ಸಂಸ್ಥೆಯವರಿಗೆ ರಿಲೇಗಳ ಕಾಡಿನಿಂದ ಬಿಡುಗಡೆ ಬೇಕಾದಾಗ, 1968–69ರಲ್ಲಿ ಡಿಕ್ ಮಾರ್ಲಿ ಮತ್ತು ಅವನ ಸಂಗಡಿಗರು ಪಿ.ಎಲ್.ಸಿ. ಎಂಬ ನಿಯಂತ್ರಕವನ್ನು ರಚಿಸಿದರು. ಅಂದಿನಿಂದ ಬೆಳೆದ ಈ ಶಾಖೆಯಲ್ಲಿ ಸೀಮೆನ್ಸ್, ಮಿತ್ಸುಬಿಷಿ, ರಾಕ್‌ವೆಲ್ ಮುಂತಾದ ದೈತ್ಯರು ನಿಯಂತ್ರಕಗಳನ್ನು ಮಾಡುವರು. ನಮ್ಮ ಸಣ್ಣ ಕಾರಖಾನೆಗಳವರು ಅವನ್ನು ಕೊಂಡು, ಪ್ಯಾನೆಲ್ಲಿನಲ್ಲಿ ಕೂರಿಸಿ, ಪ್ರೋಗ್ರಾಂ ಬರೆದು, ಸೆನ್ಸರು ಮೋಟರುಗಳನ್ನು ಸೇರಿಸಿ, ಗಿರಾಕಿಯ ಒಂದು ನಿರ್ದಿಷ್ಟ ಕೆಲಸಕ್ಕೆಂದೇ ಒಂದು ಯಂತ್ರವನ್ನು ಕಟ್ಟಿಕೊಡುವರು. ಮೆದುಳು ಪರರದು, ದೇಹ ನಮ್ಮದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಈಗ ಇಂಥ ಒಂದು ಕಾರಖಾನೆಯನ್ನು ಊಹಿಸೋಣ. ನಲವತ್ತು ಜನ ಕೆಲಸಗಾರರು. ವರ್ಷಕ್ಕೆ 12 ಕೋಟಿ ರೂಪಾಯಿಗಳ ವ್ಯವಹಾರ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸರಕಾರದ ವ್ಯಾಖ್ಯೆಯಂತೆ ಇದು "ಸಣ್ಣ" ಉದ್ಯಮವೇ ಸರಿ. 100 ಕೋಟಿಯ ವರೆಗಿನ ವ್ಯವಹಾರ ಮತ್ತು 25 ಕೋಟಿಯ ವರೆಗಿನ ಬಂಡವಲ ಆ ಪಂಕ್ತಿಯಲ್ಲಿ ಬರುತ್ತವೆ. ಮೋಟಾರಿನ ಬಿಡಿಭಾಗಗಳನ್ನು ಮಾಡುವ ಒಂದು ದೊಡ್ಡ ಸಂಸ್ಥೆಗೆ ಇವರು ಯಂತ್ರವೊಂದನ್ನು ಮಾಡಿಕೊಟ್ಟರು. ಅದು ಚೆನ್ನಾಗಿ ನಡೆಯಿತು. ಆ ಸಂಸ್ಥೆಯ ಯುರೋಪಿನ ಮುಖ್ಯ ಕಚೇರಿಯಿಂದ ಬಂದ ಸಾಹೇಬರು ನೋಡಿ ತಲೆದೂಗಿ, "ಇಂಥದೇ ಒಂದನ್ನು ನಮ್ಮ ಪೋಲೆಂಡಿನ ಕಾರಖಾನೆಗೂ ಕೊಡುವಿರಾ?" ಎಂದರು. ನಮ್ಮ ಸಣ್ಣ ಉದ್ಯಮಿಗಳಲ್ಲಿ ಬಹುಮಂದಿಗೆ ಪರದೇಶದ ಬಾಗಿಲು ತೆರೆಯುವುದು ಹೀಗೆಯೇ. ಗಿರಾಕಿಯ ಬೆನ್ನ ಹಿಂದೆ. ಇದು ನಿಂದ್ಯವಲ್ಲ, ಮಿಕ್ಕೆಲ್ಲ ದಾರಿಗಳಿಗಿಂತ ಸುರಕ್ಷಿತವಾದುದು.

ಇನ್ನು ಲೆಕ್ಕ. ಇಲ್ಲಿ 1 ಕೋಟಿಗೆ ಮಾರುವ ಯಂತ್ರವನ್ನು ಅಲ್ಲಿ 1 ಕೋಟಿ 40 ಲಕ್ಷಕ್ಕೆ ಒಪ್ಪಿದರೆಂದು ಇಟ್ಟುಕೊಳ್ಳೋಣ. ಇಲ್ಲಿಯ ಖರ್ಚು 88 ಲಕ್ಷ, ಲಾಭ 12. ಅಲ್ಲಿಗೆ 52 ಲಕ್ಷ ಲಾಭವೆಂದು ಯಜಮಾನನ ಮುಖ ಅರಳುವುದು ಸಹಜ. ಆದರೆ ಯುರೋಪಿನ ಸುರಕ್ಷತೆಯ ನಿಯಮಗಳಿಗೆ ತಕ್ಕಂತೆ ಬೇಲಿ, ಬಾಗಿಲ ಬೀಗ, ತಂತಿಗಳ ಬಣ್ಣ, ಕೈಪಿಡಿ ಎಲ್ಲವನ್ನೂ ಬದಲಾಯಿಸಲು 12 ಲಕ್ಷ. ಹಡಗಿನ ಸಾಗಣೆಗೂ ವಿಮೆಗೂ 6. ಇಬ್ಬರು ಇಂಜಿನಿಯರರು ಹೋಗಿ ಮೂರು ವಾರ ಕುಳಿತು ಯಂತ್ರವನ್ನು ನಿಲ್ಲಿಸಿ ಬರಲು 9. ಎರಡು ತಿಂಗಳ ತರುವಾಯ ಏನೋ ಕೆಟ್ಟಿತೆಂದು ಮತ್ತೊಮ್ಮೆ ಓಡಲು 5. ಒಟ್ಟು 120. ಲಾಭ 20 ಲಕ್ಷಕ್ಕೆ ಇಳಿಯಿತು. ಇನ್ನು ಕರಾರಿನಂತೆ ಕೊನೆಯ ಹತ್ತನೆಯ ಒಂದು ಭಾಗ, ಎಂದರೆ 14 ಲಕ್ಷ, ಗಿರಾಕಿಯು ಯಂತ್ರವನ್ನು ಅಂತಿಮವಾಗಿ ಒಪ್ಪಿಕೊಂಡ ಮೇಲೆಯೇ ಬರತಕ್ಕದ್ದು. ಅವನು ಎಂಟು ತಿಂಗಳು ಒಪ್ಪದಿದ್ದರೆ ಅಷ್ಟು ಕಾಲ ಕೈಯಲ್ಲಿ ಉಳಿದದ್ದು 6 ಲಕ್ಷ! ನಮ್ಮ ಊಹೆಯ ಅಂಕಿಗಳು ಒಬ್ಬೊಬ್ಬರಲ್ಲಿ ಬೇರೆಯಾಗಬಹುದು. ಲೆಕ್ಕದ ಆಕಾರ ಮಾತ್ರ ಬದಲಾಗದು. ಇಷ್ಟರ ಮೇಲೆ, ಅತ್ಯುತ್ತಮರಾದ ಆ ಇಬ್ಬರು ಇಂಜಿನಿಯರರು ಊರಲ್ಲಿಲ್ಲದ ಕಾರಣ ಇಲ್ಲಿಯ ಮೂರು ಯಂತ್ರಗಳು ತಡವಾದವು. ಅದರ ನಷ್ಟವನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ.

ಹೊಸೂರಿನಲ್ಲಿ ರಾತ್ರಿ ಒಂದು ಸೆನ್ಸರು ಸತ್ತರೆ ಪೀಣ್ಯದ ಹುಡುಗನೊಬ್ಬನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಬೆಳಗಾಗುವುದರೊಳಗೆ ಸರಿಪಡಿಸಿ ಬರುವನು. ನಮ್ಮ ಸಣ್ಣ ಉದ್ಯಮದ ನಿಜವಾದ ಬಲವೇ ಆ ಹುಡುಗ ಮತ್ತು ಆ ಬಸ್ಸು. ಪೋಲೆಂಡಿಗೆ ಬಸ್ಸಿಲ್ಲ, ವೀಸಾ ಉಂಟು. ಈ ಬಲವನ್ನು ಇಲ್ಲಿಯೇ ಬಿಟ್ಟು ಹೋಗುವವನು ಅದರ ಸ್ಥಾನದಲ್ಲಿ ಏನನ್ನು ತೆಗೆದುಕೊಂಡು ಹೋಗುವನು ಎಂಬುದೇ ಇಡೀ ವಿಷಯದ ಮರ್ಮವು.

ಕಾನೂನಿನ ಮಾತೂ ಅಷ್ಟೇ ಗಂಭೀರವಾದುದು. ಯುರೋಪಿನ ಒಕ್ಕೂಟದಲ್ಲಿ 2006ರ ಯಂತ್ರ ನಿರ್ದೇಶದ ಬದಲಿಗೆ 2023ರಲ್ಲಿ ಹೊಸ ಯಂತ್ರ ನಿಯಮಾವಳಿಯನ್ನು ಅಂಗೀಕರಿಸಿದ್ದಾರೆ. ಅದು ಅನ್ವಯವಾಗುವ ದಿನ 2027ರ ಜನವರಿ 20. ತಂತ್ರಾಂಶವುಳ್ಳ ವಸ್ತುಗಳ ಭದ್ರತೆಯನ್ನು ಕುರಿತ 2024ರ ಇನ್ನೊಂದು ಕಾಯಿದೆಯ ಮುಖ್ಯ ವಿಧಿಗಳಿಗೆ 2027ರ ಡಿಸೆಂಬರ್ 11 ಎಂದು ಗೊತ್ತುಮಾಡಿದ್ದಾರೆ. ಸಿ.ಇ. ಎಂಬ ಎರಡಕ್ಷರಗಳನ್ನು ಯಂತ್ರಕ್ಕೆ ಅಂಟಿಸುವುದು ಸುಲಭ. ಅದರ ಹಿಂದಿನ ಅಪಾಯ ವಿಚಾರಣೆಯ ಕಡತವನ್ನು ಸಿದ್ಧಪಡಿಸಿ ಹತ್ತು ವರ್ಷ ಕಾಪಾಡುವುದು ಕಷ್ಟ. ಕಾರ್ಮಿಕನೊಬ್ಬನ ಬೆರಳು ಹೋದ ದಿನ ಆ ಕಡತವನ್ನು ಕೇಳುವರು. ವಿದ್ಯುತ್ತಿನ ಸಂಗತಿಯೂ ಹಾಗೆಯೇ. ನಮ್ಮಲ್ಲಿ 415 ವೋಲ್ಟು, 50 ಹರ್ಟ್ಸ್. ಅಮೇರಿಕದಲ್ಲಿ 480 ವೋಲ್ಟು, 60 ಹರ್ಟ್ಸ್. ಜಪಾನಿನಲ್ಲಂತೂ ಪೂರ್ವಭಾಗಕ್ಕೆ 50, ಪಶ್ಚಿಮಭಾಗಕ್ಕೆ 60. ಇಲ್ಲಿ ನಿಧಾನವಾಗಿ ತಿರುಗುತ್ತಿದ್ದ ಸಾಮಾನ್ಯ ಮೋಟರು ಅಲ್ಲಿ ಐದನೆಯ ಒಂದು ಪಾಲು ಹೆಚ್ಚು ವೇಗದಿಂದ ತಿರುಗಿ, ಯಂತ್ರದ ತಾಳವನ್ನೇ ತಪ್ಪಿಸುವುದು. ಸುಂಕದ ವಿಷಯವನ್ನು ಹೆಚ್ಚಾಗಿ ಹೇಳಬೇಕಾದ್ದಿಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಅಮೇರಿಕವು ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಮೊದಲು 25, ಆಮೇಲೆ ಒಟ್ಟು 50 ಪ್ರತಿಶತಕ್ಕೆ ಏರಿಸಿತು. ಒಂದೇ ದೇಶವನ್ನು ನಂಬಿ ಕಾರಖಾನೆಯನ್ನು ವಿಸ್ತರಿಸಿದವರು ಆ ತಿಂಗಳನ್ನು ಮರೆಯಲಾರರು.

ಹಾಗಾದರೆ ಸಣ್ಣವರು ಪರದೇಶದಲ್ಲಿ ಗೆದ್ದದ್ದೇ ಇಲ್ಲವೇ? ಉಂಟು, ಮತ್ತು ಅವರ ವೃತ್ತಾಂತವು ನಮಗೆ ಪಾಠವಾಗತಕ್ಕದ್ದು. ಡೆನ್ಮಾರ್ಕಿನ ಓಡೆನ್ಸೆ ಪಟ್ಟಣದಲ್ಲಿ 2005ರಲ್ಲಿ ಎಸ್ಬೆನ್ ಓಸ್ಟರ್‌ಗಾರ್ಡ್, ಕ್ಯಾಸ್ಪರ್ ಸ್ಟೋಯ್, ಕ್ರಿಸ್ಟಿಯನ್ ಕಾಸೋ ಎಂಬ ಮೂವರು ವಿಶ್ವವಿದ್ಯಾಲಯದ ತರುಣರು ಯುನಿವರ್ಸಲ್ ರೋಬೋಟ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಗ ರೋಬೋಟು ಎಂದರೆ ಬೇಲಿಯ ಒಳಗೆ ನಿಲ್ಲುವ, ತಜ್ಞರು ಮಾತ್ರ ಮುಟ್ಟಬಹುದಾದ, ಭಾರಿ ಬೆಲೆಯ ಉಕ್ಕಿನ ತೋಳು. ಇವರು ಮಾಡಿದ್ದು ಸುಮಾರು 18 ಕಿಲೋ ತೂಕದ, 5 ಕಿಲೋ ಎತ್ತುವ, ಸಾಮಾನ್ಯ ಕೆಲಸಗಾರನು ಕೈಹಿಡಿದು ನಡೆಯಿಸಿ ಕಲಿಸಬಹುದಾದ ತೋಳು. 2008ರ ಡಿಸೆಂಬರಿನಲ್ಲಿ ಮೊದಲನೆಯದು ಮಾರಾಟವಾಯಿತು. ಕೊಂಡವರು ಅಲ್ಲಿಯದೇ ಒಂದು ರಬ್ಬರು ಪ್ಲಾಸ್ಟಿಕ್ಕಿನ ಸಂಸ್ಥೆಯವರು. ಎಂದರೆ ಪ್ರಪಂಚವನ್ನೆಲ್ಲ ಸುತ್ತುವ ವಸ್ತುವಿನ ಮೊದಲ ಗಿರಾಕಿ ಸ್ವದೇಶದವನೇ. ಅನಂತರ ನೆರೆಯ ಜರ್ಮನಿ. ಅಲ್ಲಿಂದ ಮುಂದಕ್ಕೆ ಊರೂರಿನ ವಿತರಕರ ಮೂಲಕ ಸಮುದ್ರದಾಚೆಗೆ. ಪ್ರತಿಯೊಂದು ದೇಶದಲ್ಲಿ ತಾವೇ ಕಚೇರಿ ತೆರೆದು, ತಾವೇ ಯಂತ್ರ ಕೂರಿಸುವ ಗೋಜಿಗೆ ಅವರು ಹೋಗಲಿಲ್ಲ. ವಸ್ತು ಎಲ್ಲೆಡೆಯೂ ಒಂದೇ ಆಗಿದ್ದುದರಿಂದ ವಿತರಕನು ಅದನ್ನು ತನ್ನ ಕಾರಿನಲ್ಲಿಯೇ ಒಯ್ದು ತೋರಿಸಬಲ್ಲವನಾಗಿದ್ದನು, ರಿಪೇರಿಯನ್ನೂ ಮಾಡಬಲ್ಲವನಾಗಿದ್ದನು.

ವ್ಯತ್ಯಾಸವು ಈಗ ಸ್ಪಷ್ಟವಾಯಿತಷ್ಟೆ. ಓಡೆನ್ಸೆಯವರು ಮಾರಿದ್ದು ವಸ್ತುವನ್ನು; ನಮ್ಮವರು ಮಾರುವುದು ಕೆಲಸವನ್ನು. ಒಬ್ಬ ಗಿರಾಕಿಗೆಂದೇ ಕಟ್ಟಿದ ಯಂತ್ರವನ್ನು ಯಾವ ವಿತರಕನೂ ತನ್ನ ಅಂಗಡಿಯಲ್ಲಿ ಇಡಲಾರನು. ಆದುದರಿಂದ ಪರದೇಶದ ಟಿಕೆಟ್ಟಿಗೆ ಮೊದಲು ನಮ್ಮ ಉದ್ಯಮಿಯು ತನ್ನ ಹಳೆಯ ಕಡತಗಳ ಕಪಾಟನ್ನು ತೆರೆಯಬೇಕು. ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ನೂರು ಯಂತ್ರಗಳಲ್ಲಿ ಮತ್ತೆ ಮತ್ತೆ ಬಂದ ಒಂದು ಭಾಗ ಇದ್ದೇ ಇರುವುದು: ಸೋರಿಕೆಯನ್ನು ಪರೀಕ್ಷಿಸುವ ಪೀಠವೋ, ಕ್ಯಾಮರಾದಿಂದ ದೋಷ ಹಿಡಿಯುವ ಪೆಟ್ಟಿಗೆಯೋ, ತಿರುಪುಗಳನ್ನು ಒಂದೊಂದಾಗಿ ಎಣಿಸಿ ಕೊಡುವ ಉಪಕರಣವೋ. ಅದನ್ನು ಬೇರ್ಪಡಿಸಿ, ಅದಕ್ಕೆ ಒಂದು ಹೆಸರು, ಒಂದು ಸಂಖ್ಯೆ, ಒಂದು ದರಪಟ್ಟಿ, ಒಂದು ಕೈಪಿಡಿ, ಬಿಡಿಭಾಗಗಳ ಒಂದು ಯಾದಿಯನ್ನು ಕೊಟ್ಟರೆ ಅದು ವಸ್ತುವಾಗುವುದು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟು ಪರರ ವಸ್ತುವನ್ನು ಮಾರುತ್ತಿದ್ದವರು. 1903ರ ಕಬ್ಬಿಣದ ನೇಗಿಲಿನಿಂದ ಅವರ ಹೆಸರೇ ವಸ್ತುವಿನ ಮೇಲೆ ಬಂದಿತು. ನಡುವಿನ ಹದಿನೈದು ವರ್ಷಗಳನ್ನು ಜನರು ಮರೆಯುತ್ತಾರೆ.

ಓಡೆನ್ಸೆಯ ಕಥೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ. ನಮ್ಮ ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಅವರಿಗೆ ಹೊರಗೆ ಹೋಗದೆ ಗತಿಯಿರಲಿಲ್ಲ. ನಮಗೆ ಆ ಬಲವಂತವಿಲ್ಲ. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಭಾರತದ ಕಾರಖಾನೆಗಳಲ್ಲಿ ಹೊಸದಾಗಿ ನಿಂತ ರೋಬೋಟುಗಳು 8,510. ಹಿಂದಿನ ವರ್ಷಕ್ಕಿಂತ 59 ಪ್ರತಿಶತ ಅಧಿಕ. ಅದೇ ವರ್ಷ ಚೀನದಲ್ಲಿ ನಿಂತವು 2,76,288. ಈ ಎರಡು ಅಂಕಿಗಳ ನಡುವಿನ ಅಂತರವೆಲ್ಲ ನಮ್ಮ ಮನೆಯ ಅಂಗಳದಲ್ಲಿ ಬಿದ್ದಿರುವ ಕೆಲಸವಲ್ಲವೇ? ಬಿಡದಿ, ನರಸಾಪುರ, ಹೊಸೂರು, ಶ್ರೀಪೆರಂಬದೂರು, ಚಾಕಣ್ ಇವು ಪರದೇಶಗಳಲ್ಲ. ಎರಡನೆಯ ಸಂಗತಿ: 2015ರಲ್ಲಿ ಅಮೇರಿಕದ ಟೆರಡೈನ್ ಸಂಸ್ಥೆಯು 28.5 ಕೋಟಿ ಡಾಲರು ಕೊಟ್ಟು ಯುನಿವರ್ಸಲ್ ರೋಬೋಟ್ಸನ್ನು ಕೊಂಡಿತು. ಕಾರಖಾನೆ ಓಡೆನ್ಸೆಯಲ್ಲಿಯೇ ಉಳಿಯಿತು, ಒಡೆತನ ಉಳಿಯಲಿಲ್ಲ. ಅದು ಗೆಲುವೋ ಸೋಲೋ ಎಂಬುದು ನೋಡುವವರ ದೃಷ್ಟಿಗೆ ಬಿಟ್ಟದ್ದು. ನಮಗಂತೂ ಅದನ್ನು ಸಂಪೂರ್ಣ ಗೆಲುವೆಂದು ಕರೆಯಲು ನಾಲಗೆ ಏಳದು.

ಜಪಾನಿನ ಫ್ಯಾನುಕ್ ಬೇರೆ ದಾರಿ ಹಿಡಿಯಿತು. 1972ರಲ್ಲಿ ಫುಜಿತ್ಸುವಿನಿಂದ ಬೇರೆಯಾದ ಈ ಸಂಸ್ಥೆಯು ಹತ್ತು ವರ್ಷದ ಮೇಲೆ ಅಮೇರಿಕಕ್ಕೆ ರೋಬೋಟು ಮಾರಲು ಹೊರಟಾಗ ಜನರಲ್ ಮೋಟರ್ಸನ್ನೇ ಪಾಲುಗಾರನನ್ನಾಗಿ ಮಾಡಿಕೊಂಡಿತು. ಅತಿ ದೊಡ್ಡ ಗಿರಾಕಿಯೇ ಪಾಲುಗಾರ! 1992ರಲ್ಲಿ ಆ ಪಾಲನ್ನು ತಾನೇ ಕೊಂಡು ಪೂರ್ಣ ಒಡೆಯನಾಯಿತು. ಅದೇ ವರ್ಷ ಅದರ ಭಾರತದ ಶಾಖೆಯು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು.

ಮೂರನೆಯ ದಾರಿಯೊಂದನ್ನು ಈಗ ಅನೇಕರು ಹಿಡಿದಿದ್ದಾರೆ: ಜರ್ಮನಿಯ ಅಥವಾ ಅಮೇರಿಕದ ಯಂತ್ರ ಜೋಡಣೆಗಾರರಿಗೆ ಗಂಟೆಯ ಲೆಕ್ಕದಲ್ಲಿ ಪ್ರೋಗ್ರಾಂ ಬರೆದುಕೊಡುವುದು, ನಕ್ಷೆ ಎಳೆದುಕೊಡುವುದು. ಹಣವು ಬೇಗ ಬರುವುದು, ಅಪಾಯ ಕಡಿಮೆ, ಹುಡುಗರು ಅಲ್ಲಿಯ ಶಿಸ್ತನ್ನು ಕಲಿಯುವರು. ಆದರೆ ನಕ್ಷೆಯೂ ಪ್ರೋಗ್ರಾಮೂ ಅವರ ಸ್ವತ್ತು. ಮೊದಲೇ ಮೆದುಳು ಪರರದೆಂದು ಹೇಳಿದೆವು. ಇದರಲ್ಲಿ ದೇಹವೂ ಪರರದಾಗಿ, ನಮಗೆ ಉಳಿಯುವುದು ಕೂಲಿ. ಒಟ್ಟು ವ್ಯವಹಾರದ ಮೂರನೆಯ ಒಂದು ಪಾಲಿಗೆ ಮೀರದಂತೆ, ಮೂರು ನಾಲ್ಕು ವರ್ಷಗಳ ಮಟ್ಟಿಗೆ ಇದನ್ನು ಮಾಡಿ, ಬಂದ ಹಣವನ್ನು ಸ್ವಂತ ವಸ್ತುವಿಗೆ ಹಾಕುವವನನ್ನು ನಾವು ಜಾಣನೆನ್ನುವೆವು.

ಇಲ್ಲಿಯ ಗಿರಾಕಿಗಳು ಹಣ ಕೊಡುವುದಿಲ್ಲ, ಅದಕ್ಕಾಗಿಯೇ ಹೊರಗೆ ಹೋಗುವೆವೆಂದು ಉದ್ಯಮಿಗಳು ಹೇಳುವರು. ಈ ದೂರಿನಲ್ಲಿ ಹುರುಳಿದೆ. ಸಣ್ಣವರಿಗೆ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದು 2006ರ ಕಾಯಿದೆ ಹೇಳುತ್ತಿದ್ದರೂ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಅವನಲ್ಲಿಯೇ ಕೆಲಸ ಕೇಳುವ ಧೈರ್ಯ ಯಾರಿಗಿದೆ? ಪರದೇಶದ ಸಾಲಕ್ಕೆ 1957ರಲ್ಲಿ ಸ್ಥಾಪಿತವಾದ ಸರಕಾರದ ರಫ್ತು ಸಾಲ ಖಾತರಿ ನಿಗಮದ ವಿಮೆ ದೊರೆಯುವುದು. ಕೊಳ್ಳುವವನು ದಿವಾಳಿಯೆದ್ದರೂ ಅದು ರಕ್ಷಿಸುವುದು. ಆದರೆ "ನಿಮ್ಮ ಯಂತ್ರ ಸರಿಯಿಲ್ಲ" ಎಂದು ಅವನು ತಕರಾರು ಹೂಡಿದರೆ ಆ ವ್ಯಾಜ್ಯ ಅವನ ದೇಶದಲ್ಲಿ ನಮ್ಮ ಪರವಾಗಿ ತೀರುವ ವರೆಗೆ ಸಾಮಾನ್ಯವಾಗಿ ವಿಮೆಯ ಹಣ ಬಾರದು. ಯಂತ್ರದ ವ್ಯಾಪಾರದಲ್ಲಿ ತಕರಾರು ಏಳುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಯಂತ್ರವು ಯಾವ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಒಪ್ಪಿಗೆಯೆಂಬುದನ್ನು ಅಂಕಿಗಳಲ್ಲಿ ಬರೆದು, ಆ ಪರೀಕ್ಷೆಯನ್ನು ಹಡಗಿಗೆ ಹಾಕುವ ಮೊದಲು ನಮ್ಮ ಕಾರಖಾನೆಯಲ್ಲಿಯೇ ಗಿರಾಕಿಯ ಎದುರಿಗೆ ಮಾಡಿ ಸಹಿ ಹಾಕಿಸಿಕೊಳ್ಳುವುದು ಅತ್ಯವಶ್ಯ.

ಕೊನೆಗೆ ಯಜಮಾನನ ವಿಷಯ. ಸಣ್ಣ ಕಾರಖಾನೆಯಲ್ಲಿ ಯಜಮಾನನೇ ನಕ್ಷೆಗಾರ, ಅವನೇ ದರ ಹೇಳುವವನು, ಅವನೇ ಚೆಕ್ಕಿಗೆ ಸಹಿ ಹಾಕುವವನು. ಹನ್ನೋವರಿನ ಪ್ರದರ್ಶನಕ್ಕೆ ಹೊರಡುವ ಮುನ್ನ ಅವನು ಹದಿನೈದು ದಿನ ಪೀಣ್ಯವನ್ನು ಬಿಟ್ಟು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹೋಗಿ ಕುಳಿತುಕೊಳ್ಳಲಿ, ಕಾರಖಾನೆಗೆ ಫೋನು ಮಾಡದಿರಲಿ. ತಿರುಗಿ ಬಂದಾಗ ಎಷ್ಟು ದರಪತ್ರಗಳು ಹೊರಟವು, ಎಷ್ಟು ಗಿರಾಕಿಗಳಿಗೆ ಉತ್ತರ ಹೋಯಿತು, ಶನಿವಾರದ ಬಟವಾಡೆ ಶನಿವಾರವೇ ಆಯಿತೋ ಸೋಮವಾರಕ್ಕೆ ಜಾರಿತೋ ಎಂದು ನೋಡಿಕೊಂಡು, ಆಮೇಲೆ ವೀಸಾದ ಅರ್ಜಿಯನ್ನು ತುಂಬಲಿ.