28 ಸೆಂಟಿಮೀಟರ್ ಕೂದಲು

ಯೂರೋಪಿನವರು ಮಾಂಟ್ ಬ್ಲಾಂಕ್ ಶಿಖರದ ತುದಿ ಮುಟ್ಟಿದ್ದು 1786ರಲ್ಲಿ. ಎತ್ತರ ಸುಮಾರು 4,800 ಮೀಟರ್. ಅದೇ ದೊಡ್ಡ ಸಾಹಸವೆಂದು ಊರೆಲ್ಲ ಕೊಂಡಾಡಿತು. ಅದಕ್ಕೂ ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ಇಂಕಾ ಜನ ಚಿಲಿ–ಅರ್ಜೆಂಟೀನಾ ಗಡಿಯ ಯುಯಾಯ್ಯಾಕೊ ಜ್ವಾಲಾಮುಖಿಯನ್ನು ಹತ್ತಿ, 6,700 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕಲ್ಲಿನ ಗೋಡೆ ಕಟ್ಟಿ, ಹೆಪ್ಪುಗಟ್ಟಿದ ನೆಲ ಅಗೆದು, ಮೂರು ಮಕ್ಕಳನ್ನು ಹೂತು ಇಳಿದಿದ್ದರು. ಎವರೆಸ್ಟಿನ ಬೇಸ್ ಕ್ಯಾಂಪ್ ಇರುವುದೇ 5,364 ಮೀಟರಿನಲ್ಲಿ. ಯುಯಾಯ್ಯಾಕೊ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಕಾಲಿಗೆ ಮುಳ್ಳಿನ ಬೂಟಿಲ್ಲ, ಕೈಯಲ್ಲಿ ಕಬ್ಬಿಣದ ಹಾರೆಯೂ ಇಲ್ಲ. ಹೀಗೆ ಪೂಜೆಯ ಕುರುಹು ಸಿಕ್ಕಿರುವ ಆಂಡಿಸ್ ಶಿಖರಗಳು 100ಕ್ಕೂ ಹೆಚ್ಚು.

ಬೆಟ್ಟವೆಂದರೆ ಅವರಿಗೆ ಅಪು, ಅಂದರೆ ಒಡೆಯ. ಮಳೆ, ನೀರು ಎಲ್ಲ ಅವನ ಕೈಯಲ್ಲಿ. ಮಕ್ಕಳನ್ನು ಬಲಿಕೊಟ್ಟು ಅವನಿಗೆ ಸಲ್ಲಿಸುವ ದೊಡ್ಡ ಕಾಣಿಕೆಯೇ ಕಪಕೋಚ. ರಾಜಧಾನಿ ಕುಸ್ಕೊದಿಂದ ಯುಯಾಯ್ಯಾಕೊ ಶಿಖರಕ್ಕೆ ಹಕ್ಕಿ ಹಾರಿದರೂ 1,200 ಕಿಲೋಮೀಟರಿಗೂ ಮಿಗಿಲು. ಗಾಡಿಯಿಲ್ಲ, ಕುದುರೆಯಿಲ್ಲ, ಲಾಮಾ ಹೊರುವುದು 30 ಕೆ.ಜಿ. ಆಸುಪಾಸು. ಆದರೂ ಮಕ್ಕಳನ್ನು ಹೂತ ಗುಂಡಿಗಳಲ್ಲಿ ಸಿಕ್ಕ ವಸ್ತುಗಳು ನೂರಕ್ಕೂ ಹೆಚ್ಚು. ಅವುಗಳಲ್ಲಿ ಕೆಲವು ಪುಟ್ಟ ಗೊಂಬೆಗಳನ್ನು ಕೆತ್ತಿದ್ದು ಸ್ಪಾಂಡಿಲಸ್ ಚಿಪ್ಪಿನಲ್ಲಿ. ಆ ಚಿಪ್ಪು ಸಿಗುವುದು 2,500 ಕಿಲೋಮೀಟರಿಗೂ ಆಚೆ, ಈಕ್ವೆಡಾರಿನ ಬೆಚ್ಚನೆಯ ಕಡಲಲ್ಲಿ. ಒಂದು ಹಿಡಿ ಗಾತ್ರದ ಗೊಂಬೆಗೆ ಇಷ್ಟು ನಡಿಗೆ!

1999ರಲ್ಲಿ ಪುರಾತತ್ತ್ವಜ್ಞರಾದ ಯೋಹಾನ್ ರೈನ್‌ಹಾರ್ಡ್ ಮತ್ತು ಕಾನ್ಸ್ಟಾನ್ಜಾ ಸೆರುಟಿ ಅವರ ತಂಡ ಮೂವರನ್ನೂ ಹೊರತೆಗೆಯಿತು. ದೊಡ್ಡವಳಿಗೆ 13ರ ಸುಮಾರು, ಚಿಕ್ಕವರಿಬ್ಬರಿಗೆ ನಾಲ್ಕೈದು ವರ್ಷ. ಬಂಗಾರದ ಗೊಂಬೆ ಕಂಡು ಬೆರಗಾಗುವವರು ಆಗಲಿ. ನನ್ನನ್ನು ಕಾಡಿದ್ದು ದೊಡ್ಡವಳ ಜಡೆ. ನುಣುಪಾಗಿ ಸಣ್ಣಸಣ್ಣ ಎಳೆಗಳಾಗಿ ಹೆಣೆದದ್ದು, ಉದ್ದ 28 ಸೆಂಟಿಮೀಟರ್. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ ಎಂದರೆ ಅದು ಉಂಡದ್ದು, ಕುಡಿದದ್ದರ ಎರಡು ವರ್ಷಕ್ಕೂ ಮೀರಿದ ದಿನಚರಿ. ತುದಿಯ ಕಡೆ ಬಡವರ ಮನೆಯ ಗೆಡ್ಡೆ ಊಟ. ಬುಡದಿಂದ 12 ಸೆಂಟಿಮೀಟರಿನಲ್ಲಿ ಇದ್ದಕ್ಕಿದ್ದಂತೆ ಮೆಕ್ಕೆಜೋಳ, ಮಾಂಸ: ಆಯ್ಕೆ ನಡೆದದ್ದು ಆಗಲೇ ಇರಬೇಕು. ಆರನೇ ಸೆಂಟಿಮೀಟರಿನ ಸುತ್ತ ಕೋಕಾ ಎಲೆಯ ಅಂಶ ಮೇಲೆದ್ದಿದೆ. ಕೊನೆಯ ಎರಡು ಸೆಂಟಿಮೀಟರಿನಲ್ಲಿ ಚಿಚಾ, ಅಂದರೆ ಮೆಕ್ಕೆಜೋಳದ ಹೆಂಡ, ತೀರಾ ಹೆಚ್ಚು. ಹನ್ನೆರಡು ತಿಂಗಳು ಹಬ್ಬದೂಟ ಬಡಿಸಿ, ಕೊನೆಯ ವಾರಗಳಲ್ಲಿ ಹುಡುಗಿಗೆ ಮತ್ತು ಬರಿಸಿದ್ದರು.

ಅರ್ಜೆಂಟೀನಾದ ಸಾಲ್ಟಾ ನಗರದ ಸಂಗ್ರಹಾಲಯದಲ್ಲಿ ಆಕೆಯನ್ನು ಮೈನಸ್ 20 ಡಿಗ್ರಿಯಲ್ಲಿಟ್ಟಿದ್ದಾರೆ. ಕಾಲು ಮಡಚಿ, ತಲೆ ತಗ್ಗಿಸಿ, ನಿದ್ದೆ ಹೋದವಳಂತೆ ಕೂತಿದ್ದಾಳೆ. ಹಲ್ಲುಗಳ ನಡುವೆ ಕೋಕಾ ಎಲೆಯ ಉಂಡೆ ಇನ್ನೂ ಹಾಗೇ ಇದೆ.