ತಾಯಿಯ ಓದು, ಮಗಳ ಓದು: ಪಂಡಿತಾ ರಮಾಬಾಯಿಯವರ ಮನೆತನದ ಮೂರು ತಲೆಮಾರು

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲ ನಡೆದುಬಂದಿತು. ಮಗಳು ಇಂದಲ್ಲ ನಾಳೆ ಅನ್ಯರ ಮನೆ ಸೇರತಕ್ಕವಳು, ಅವಳಿಗೆ ಅಕ್ಷರವೇತಕ್ಕೆ ಎಂಬುದು ಅದರ ಹಿಂದಿನ ಲೆಕ್ಕ. ಓದಿದ ಹೆಣ್ಣು ಮನೆಯವರಿಂದ ದೂರವಾಗುತ್ತಾಳೆಂಬ ಭಯವೂ ಅದರೊಡನೆ ಸೇರಿದ್ದಿತು. ಈ ಲೆಕ್ಕವನ್ನೂ ಭಯವನ್ನೂ ಒರೆಗೆ ಹಚ್ಚಿ ನೋಡಲು ಪಂಡಿತಾ ರಮಾಬಾಯಿಯವರ ಮನೆತನಕ್ಕಿಂತ ತಕ್ಕ ಉದಾಹರಣೆ ವಿರಳ. ಆ ಮನೆತನದ ಮೂಲ ಕಾರ್ಕಳ ಸೀಮೆಯ ಮಾಳ ಗ್ರಾಮ. ಅದು ತೊಟ್ಟ ಸಂಕಲ್ಪಕ್ಕೆ ಪ್ರೇರಣೆ ದೊರೆತುದು ಪುಣೆಯಲ್ಲಿ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪೇಶ್ವೆಯರ ಆಳ್ವಿಕೆಯ ಕೊನೆಗಾಲದಲ್ಲಿ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿ ಸಾಠೆಯವರಲ್ಲಿ ವ್ಯಾಸಂಗ ಮಾಡಿದರು. ಸಾಠೆಯವರು ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಸ್ತ್ರೀಯೊಬ್ಬಳ ಬಾಯಿಂದ ಸಂಸ್ಕೃತ ಶ್ಲೋಕಗಳನ್ನು ಕೇಳಿ ಬೆರಗಾದ ಶಿಷ್ಯನು ತನ್ನ ಮನೆಯ ಹೆಂಗಸರೂ ಹೀಗೆಯೇ ಓದಬೇಕೆಂದು ನಿಶ್ಚಯಿಸಿದನು. ಮೊದಲ ಪ್ರಯತ್ನವು ಮನೆಯವರ ವಿರೋಧದಿಂದ ನಿಂತುಹೋಯಿತು. ಮೊದಲ ಪತ್ನಿ ತೀರಿಕೊಂಡ ಅನಂತರ ಕೈಹಿಡಿದ ಲಕ್ಷ್ಮೀಬಾಯಿಗೆ ಅವರು ಪಾಠ ಹೇಳಿಯೇ ತೀರಿದರು. ಇದು ಶಾಸ್ತ್ರವಿರುದ್ಧವೆಂಬ ಆಕ್ಷೇಪ ಎದ್ದಾಗ ಉಡುಪಿಯಲ್ಲಿ ವಿದ್ವಾಂಸರೆದುರು ಪ್ರಮಾಣವಾಕ್ಯಗಳನ್ನು ಮುಂದಿಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಆಶ್ರಮ ಕಟ್ಟಿ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನವಾದುದು ಅಲ್ಲಿಯೇ.

ಇಂತಹ ಮನೆಯಲ್ಲಿಯೂ ತಪ್ಪು ನಡೆಯದೆ ಇರಲಿಲ್ಲ. ಹಿರಿಯ ಮಗಳಿಗೆ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹ ಮಾಡಲಾಯಿತು. ವರನಿಗೆ ವಿದ್ಯೆ ಕಲಿಸಬೇಕೆಂಬ ಮಾತು ನಡೆಯಲಿಲ್ಲ. ಆ ಸಂಬಂಧ ದುಃಖದಲ್ಲಿ ಕೊನೆಗೊಂಡಿತು. ಕಿರಿಯ ಮಗಳನ್ನು ಬಾಲ್ಯವಿವಾಹಕ್ಕೆ ಒಪ್ಪಿಸದಿರಲು ಆ ಕಹಿ ಅನುಭವವೇ ಕಾರಣವಾಯಿತು.

ರಮಾಬಾಯಿಗೆ ಅಕ್ಷರಾಭ್ಯಾಸವಾಗುವ ವೇಳೆಗೆ ತಂದೆಗೆ ವೃದ್ಧಾಪ್ಯ ಬಂದಿದ್ದಿತು. ಆದುದರಿಂದ ಗುರುವಿನ ಸ್ಥಾನ ತಾಯಿಗೆ ಬಂತು. ಅತಿಥಿಗಳ ಸತ್ಕಾರ, ಅಡಿಗೆ, ಮನೆಗೆಲಸಗಳಲ್ಲಿ ಹಗಲೆಲ್ಲ ಕಳೆಯುತ್ತಿದ್ದ ಲಕ್ಷ್ಮೀಬಾಯಿಗೆ ದೊರೆಯುತ್ತಿದ್ದುದು ನಸುಕಿನ ವೇಳೆಯೊಂದೇ. ಹಕ್ಕಿಗಳು ಕೂಗುವ ಮುನ್ನ ನಿದ್ದೆಗಣ್ಣಿನ ಮಗುವನ್ನು ಮುದ್ದಿನಿಂದ ಎಬ್ಬಿಸಿ ಶ್ಲೋಕಪಾಠ ಹೇಳುತ್ತಿದ್ದುದನ್ನು ಮಗಳು ಕೊನೆಯವರೆಗೂ ಮರೆಯಲಿಲ್ಲ. 1887ರಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ತಮ್ಮ ಪ್ರಸಿದ್ಧ ಗ್ರಂಥವನ್ನು ಅವರು ಅರ್ಪಿಸಿದುದು ಆ ತಾಯಿಯ ಸ್ಮೃತಿಗೆ.

ತೀರ್ಥಯಾತ್ರೆಯಲ್ಲಿ ಪುರಾಣ ಹೇಳುತ್ತ ಬದುಕಿದ ಕುಟುಂಬವು 1874ರ ಸುಮಾರಿಗೆ ಬರಗಾಲಕ್ಕೆ ಸಿಕ್ಕಿತು. ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ರಾಯಚೂರಿನಲ್ಲಿ ತಾಯಿಯೂ ತೀರಿಕೊಂಡರು. ಹೆಣ ಹೊರಲು ಮೂವರಿಗಿಂತ ಹೆಚ್ಚು ಗಂಡಸರು ದೊರೆಯಲಿಲ್ಲ. ನಾಲ್ಕನೆಯ ಹೆಗಲು ಮಗಳದಾಯಿತು. ಕುಳ್ಳಾಗಿದ್ದ ರಮಾಬಾಯಿ ಚಟ್ಟದ ಕೊನೆಯನ್ನು ತಲೆಯ ಮೇಲಿಟ್ಟುಕೊಂಡು ಸ್ಮಶಾನದವರೆಗೆ ನಡೆದರು. ‘ಕುಲಕ್ಕೆ ಹೊರಗು’ ಎನ್ನುವ ಗಾದೆಗೆ ಇದಕ್ಕಿಂತ ಮಿಗಿಲಾದ ಉತ್ತರ ಇರಲಾರದು.

ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ಸೇರಿ, ಅಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದ ರಮಾಬಾಯಿಯವರು, ವಿಧವೆಯಾಗಿ ಮಗಳು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದರ ಸಭೆಗಳಿಗೆ ಬರುತ್ತಿದ್ದವರಲ್ಲಿ ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ರಾನಡೆಯವರೂ ಒಬ್ಬರು. 1873ರಲ್ಲಿ ಹನ್ನೊಂದರ ಹರೆಯದಲ್ಲಿ ಆ ಮನೆ ಸೇರಿದ ಅವರಿಗೆ ಗಂಡನೇ ಪಾಠ ಹೇಳಿದನು. ಆದರೆ ಮನೆಯ ಇತರ ಹೆಂಗಸರ ಕೊಂಕುಮಾತು, ಸಿಡುಕುಗಳನ್ನು ಅವರು ಬಹುಕಾಲ ಸಹಿಸಬೇಕಾಯಿತೆಂದು 1910ರಲ್ಲಿ ಪ್ರಕಟವಾದ ಅವರ ಮರಾಠಿ ಸ್ಮೃತಿಗ್ರಂಥದಿಂದ ತಿಳಿಯುತ್ತದೆ.

ಎರಡು ಮನೆಗಳಲ್ಲಿಯೂ ಹೆಣ್ಣು ಓದಿದಳು. ಒಂದರಲ್ಲಿ ಓದು ಬಂಧನವಾಯಿತು, ಇನ್ನೊಂದರಲ್ಲಿ ಬಿರುಕಾಯಿತು, ಇದಕ್ಕೆ ಕಾರಣವೇನು? ಗಂಗಾಮೂಲದಲ್ಲಿ ಮೊದಲು ಓದಿದವಳು ತಾಯಿ. ಅವಳು ಪಡೆದುದನ್ನು ಮಗಳಿಗೆ ಕೊಟ್ಟಳು. ಪುಣೆಯ ಮನೆಯಲ್ಲಿ ವಿದ್ಯೆಯು ಒಬ್ಬಳಿಗೆ ಮಾತ್ರ ದೊರೆತು, ಉಳಿದವರು ಹೊಸ್ತಿಲಿನಾಚೆ ಉಳಿದರು. ತಮಗೆ ನಿಷಿದ್ಧವಾಗಿದ್ದ ವಸ್ತುವನ್ನು ಮನೆಯ ಕಿರಿಯ ಸೊಸೆ ಅನುಭವಿಸುವುದನ್ನು ಕಂಡು ಅವರ ಮನಸ್ಸು ನೊಂದುದು ಅಸಹಜವಲ್ಲ. ಮನೆಯನ್ನು ಒಡೆಯುವುದು ಹೆಣ್ಣಿನ ಓದಲ್ಲ. ಹಂಚಿಕೊಳ್ಳದೆ ಉಳಿದ ಓದು.

ಮೂರನೆಯ ತಲೆಮಾರಿನಲ್ಲಿ ಈ ಬಂಧನಕ್ಕೆ ಬೇರೊಂದು ಪರೀಕ್ಷೆ ಒದಗಿತು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ರಮಾಬಾಯಿಯವರು ಕೆಲವು ಕಾಲ ಮಗಳನ್ನು ವಾಂಟೇಜಿನ ಸಂನ್ಯಾಸಿನಿಯರ ಬಳಿ ಬಿಟ್ಟಿರಬೇಕಾಯಿತು. ಆದರೆ ಮಗುವಿನ ಶಿಕ್ಷಣ ಹೇಗಿರಬೇಕೆಂದು ನಿರ್ಣಯಿಸುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಈ ವಿಷಯದಲ್ಲಿ ಅಲ್ಲಿಯವರೊಡನೆ ನಡೆಸಿದ ವಾಗ್ವಾದವು 1977ರಲ್ಲಿ ಮುದ್ರಿತವಾದ ಅವರ ಪತ್ರಸಂಗ್ರಹದಲ್ಲಿದೆ. 1889ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. 1893ರಲ್ಲಿ ಮತಾಂತರದ ವಿವಾದವೆದ್ದು ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡರು. ಮುಂದೆ ಕೇಡಗಾಂವದಲ್ಲಿ ನೆಲೆಗೊಂಡ ತಾಯಿಯ ಕಾರ್ಯದಲ್ಲಿ ಮನೋರಮೆಯು ಹೆಗಲುಗೊಟ್ಟಳು. 1912ರಲ್ಲಿ, ಅಂದು ನಿಜಾಮರ ಸೀಮೆಯಾಗಿದ್ದ ಗುಲ್ಬರ್ಗಾದಲ್ಲಿ ರಮಾಬಾಯಿಯವರು ಶಾಲೆಯೊಂದನ್ನು ತೆರೆದಾಗ ಅದರ ಮುಖ್ಯಾಧ್ಯಾಪಿಕೆಯಾದವಳೂ ಅವಳೇ. ಮಾಳದಿಂದ ಹೊರಟ ವಿದ್ಯೆಯು ಹೀಗೆ ಕನ್ನಡನಾಡಿಗೆ ಮರಳಿ ಬಂದಿತು. 1921ರಲ್ಲಿ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು ತಾಯಿಯೂ ಹಿಂಬಾಲಿಸಿದರು.

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಚರಿತ್ರೆಯು ದೂರದ ಮಾತಲ್ಲ. ಇಂದು ಮಗಳನ್ನು ಶಾಲೆಗೆ ಕಳುಹಬೇಕೋ ಬೇಡವೋ ಎಂಬ ಪ್ರಶ್ನೆ ಈ ಕುಟುಂಬಗಳಲ್ಲಿ ಉಳಿದಿಲ್ಲ. ಆದರೆ ಹಳೆಯ ಬಿರುಕು ಹೊಸ ರೂಪದಲ್ಲಿ ತೋರುತ್ತಿದೆ. ಮಗಳ ಓದು ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ಮಾತು ಮರಾಠಿಯಲ್ಲಿ. ಧಾರವಾಡದಿಂದಲೋ ಬಿಜಾಪುರದಿಂದಲೋ ಬಂದ ತಾಯಿಗೆ ಎರಡರಲ್ಲಿಯೂ ಸಂಕೋಚ. ಮಗಳ ಪುಸ್ತಕ ತಾಯಿಗೆ ಮುಚ್ಚಿದ ಬಾಗಿಲು, ತಾಯಿಯ ಕನ್ನಡ ಮಗಳಿಗೆ ಅಡಿಗೆಮನೆಯ ಮಾತು. ಪ್ರೀತಿಗೆ ಕೊರತೆಯಿಲ್ಲದಿದ್ದರೂ ಒಬ್ಬರು ಇನ್ನೊಬ್ಬರಿಂದ ಕಲಿಯುವ ಸಂದರ್ಭ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರವು ಲಕ್ಷ್ಮೀಬಾಯಿಯ ನಸುಕಿನ ಪಾಠದಲ್ಲಿಯೇ ಇದೆ. ದಿನಕ್ಕೆ ಅರ್ಧ ಗಂಟೆ ತಾಯಿಯು ಮಗಳಿಗೆ ಕನ್ನಡದ ಓದು ಬರಹ ಕಲಿಸಲಿ. ಅಷ್ಟೇ ಹೊತ್ತು ಮಗಳು ತಾಯಿಗೆ ಮರಾಠಿಯನ್ನೋ ಇಂಗ್ಲಿಷನ್ನೋ ಹೇಳಿಕೊಡಲಿ. ತಂದೆಯೂ ಮನೆಯ ಕೆಲಸ ಹಂಚಿಕೊಂಡು ಆ ಅರ್ಧ ಗಂಟೆಯನ್ನು ಅವರಿಬ್ಬರಿಗೆ ಒದಗಿಸಿಕೊಡಲಿ. ಅನಂತಶಾಸ್ತ್ರಿಗಳಿಗೆ ಮನೆಯ ಹೆಣ್ಣಿನ ಓದಿಗಾಗಿ ಊರನ್ನೇ ಬಿಡಬೇಕಾಯಿತು. ಇಂದಿನ ತಂದೆಗೆ ಬಿಡಬೇಕಾದುದು ಸಂಜೆಯ ಅರ್ಧ ಗಂಟೆ ಮಾತ್ರ.