ರೀಲಿಲ್ಲದ ಗಾಳಕ್ಕೆ ಎಂಥ ಬಲೆ?

ಕೋಲು, ದಾರ, ಗರಿ ಸುತ್ತಿದ ಹುಸಿಹುಳುವಿನ ಗಾಳ. ಜಪಾನಿನ ಬೆಟ್ಟದ ಹೊಳೆಗಳ ತೆಂಕರಾ ಮೀನುಬೇಟೆಗೆ ಇಷ್ಟೇ ಸಾಕು, ರೀಲಿನ ಗೊಡವೆಯೇ ಇಲ್ಲ. ಇಷ್ಟು ಸರಳವಾದ ಆಟಕ್ಕೆ ಬಲೆ ಯಾಕೆ, ದಾರ ಹಿಡಿದು ಮೀನೆತ್ತಿದರಾಯಿತಲ್ಲ ಎನ್ನುವವರು ಬಹಳ.

ಬಲೆ ಬೇಕಾಗುವುದೇ ರೀಲಿಲ್ಲದ್ದರಿಂದ. 3.6 ಮೀಟರಿನ ಕೋಲಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ದಾರ, ಅದರ ತುದಿಗೆ ಇನ್ನೊಂದು ಮೀಟರಿನಷ್ಟು ತೆಳು ನೈಲಾನ್. ಸುತ್ತಿ ಗಿಡ್ಡ ಮಾಡುವಂತಿಲ್ಲ. ಒಂದು ಕೈಯಲ್ಲಿ ಕೋಲನ್ನು ತಲೆಯ ಹಿಂದಕ್ಕೆ ವಾಲಿಸಿ, ಇನ್ನೊಂದು ಕೈಯನ್ನು ನೀರಿಗೆ ಚಾಚಬೇಕು. ಆಗ ಮೀನೊಮ್ಮೆ ಕೊಡವಿದರೆ ನೈಲಾನ್ ಪಟ್ಟೆಂದು ಹರಿಯುತ್ತದೆ.

ಹಾಗೆಂದು ಉದ್ದ ಹಿಡಿಕೆಯ ದೊಡ್ಡ ಬಲೆ ಕೊಳ್ಳುವುದೂ ತಪ್ಪೇ. ಅಲ್ಲಿ ಸಿಗುವ ಯಾಮಾಮೆ, ಅಮಾಗೊ, ಇವಾನಾ ಮೀನುಗಳು ಸಾಮಾನ್ಯವಾಗಿ ಗೇಣುದ್ದ, ಒಂದೂಕಾಲು ಗೇಣು. 'ತಾಮೊ' ಎಂಬ ಸಾಂಪ್ರದಾಯಿಕ ಬಲೆಯ ಬಾಯಿ 30 ಸೆಂಟಿಮೀಟರಿನ ಆಸುಪಾಸು, ಹಿಡಿಕೆ ಗಿಡ್ಡ. ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಬಂಡೆ ಹತ್ತಿದರೂ ಪೊದೆಗೆ ತೊಡರುವುದಿಲ್ಲ. ಬಾಯಿ ದುಂಡಗಿರುವುದರಿಂದ ಮೀನು ಯಾವ ಕಡೆಯಿಂದ ಬಂದರೂ ಒಳಗೆ ಬೀಳುತ್ತದೆ.

ತಾಮೊದ ಮರಗೆಲಸ ಬರೀ ಶೋಕಿ ಎಂಬ ಮಾತೂ ಇದೆ. ಶೋಕಿಯ ಪಾಲು ಇಲ್ಲವೆನ್ನಲಾಗದು, ಬೆಲೆ ನೋಡಿದರೆ ಗೊತ್ತಾಗುತ್ತದೆ! ಆದರೆ ಕಟ್ಟುವ ಕ್ರಮ ಜಾಣತನದ್ದು. ಎರಡು ಕವಲೊಡೆದ ಕೊಂಬೆಯೊಂದನ್ನು, ಹೆಚ್ಚಾಗಿ ಕಯಾ ಮರದ್ದನ್ನು, ಆರಿಸಿ ತೊಗಟೆ ಸುಲಿಯುತ್ತಾರೆ. ಹಸಿಯಿರುವಾಗಲೇ ಕವಲುಗಳನ್ನು ಬಳೆಯಂತೆ ಬಗ್ಗಿಸಿ, ಕಟ್ಟಿ ಒಣಗಿಸುತ್ತಾರೆ. ಆಮೇಲೆ ತುದಿಗಳನ್ನು ಓರೆಯಾಗಿ ಕೆತ್ತಿ ಅಂಟಿಸುತ್ತಾರೆ. ಕೊಂಬೆಯ ಬುಡವೇ ಹಿಡಿಕೆ. ಹಿಡಿಕೆಗೂ ಬಳೆಗೂ ನಡುವೆ ಸಡಿಲವಾಗಲು ಬೆಸುಗೆಯೇ ಇಲ್ಲ.

ಆದರೂ ಮೀನಿಗೆ ಮರ ಯಾವುದಾದರೇನು, ಅದಕ್ಕೆ ತಾಗುವುದು ಬಲೆಕಣ್ಣು. ಮೀನನ್ನು ಮರಳಿ ಬಿಡುವವರು ಬಲೆಯಲ್ಲಿ ಹಿಡಿದರೆ ಅಪಾಯವೇ ಇಲ್ಲ ಎಂದುಕೊಳ್ಳುತ್ತಾರೆ. 2003ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಬ್ಲೂಗಿಲ್ ಮೀನುಗಳ ಮೇಲೆ ನಾಲ್ಕು ಬಗೆಯ ಬಲೆಗಳನ್ನು ಪರೀಕ್ಷಿಸಿತು. ಬಲೆಗೆ ಬಿದ್ದವುಗಳಲ್ಲಿ ಬಗೆಗೆ ತಕ್ಕಂತೆ ಶೇ. 4ರಿಂದ 14ರಷ್ಟು ಸತ್ತವು. ಬಲೆಯಿಲ್ಲದೆ ಹಿಡಿದವು ಒಂದೂ ಸಾಯಲಿಲ್ಲ. ಗಂಟು ಹಾಕಿ ಹೆಣೆದ ಬಲೆಗಳು ಈಜುರೆಕ್ಕೆ ಸೀಳಿ, ಮೈಯ ಲೋಳೆ ಕೆರೆದವು. ರಬ್ಬರು ಮತ್ತು ಗಂಟಿಲ್ಲದ ನೈಲಾನಿನ ಹಾನಿ ಕಡಿಮೆ.

ರಬ್ಬರು ತಾಮೊದ ಸಪೂರ ಬಳೆಗೆ ಭಾರ. ಉಳಿಯುವುದು ಗಂಟಿಲ್ಲದ ಸಣ್ಣಕಣ್ಣಿನ ಬಲೆ. ಮುಳ್ಳಿಲ್ಲದ ಗಾಳವೂ ಅದರಲ್ಲಿ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ನೀರು ಅದರಲ್ಲಿ ಸಲೀಸಾಗಿ ಹಾಯದೆ ಸೆಳೆತ ಕೈಯನ್ನು ಎಳೆಯುತ್ತದೆ ನಿಜ. ಅದಕ್ಕೇ ಬಲ್ಲವರು ಬಲೆ ಹಿಡಿದು ಮೀನನ್ನು ಅಟ್ಟುವುದಿಲ್ಲ. ಬಲೆಯನ್ನು ಮುಳುಗಿಸಿ ನಿಲ್ಲಿಸಿ, ಮೀನಿನ ತಲೆಯನ್ನು ಕೋಲಿನಿಂದ ಮೇಲಕ್ಕೆತ್ತಿ ಬಾಯೊಳಕ್ಕೆ ಜಾರಿಸುತ್ತಾರೆ.